ಮೂರು ಗೀರಿನ ಬೆಣೆ

“ಇಡೀ ಬ್ಯಾಡಗಿಯೊಳಗ ಒಬ್ಬ ಬಡಿಗ್ಯಾನೂ ಸಿಗಲಿಲ್ಲೇನವಾ ನಿನಗ? ಹೋಗಿ ಹೋಗಿ ಅವನ್ನ ರಾಣೆಬೆನ್ನೂರಿಂದ ಕರಸಬೇಕಾಗಿತ್ತೇನು?”

ಎದುರುಮನೆ ಫಕ್ಕೀರವ್ವ ಕಟ್ಟೆಯ ಮೇಲೆ ಕಾಲು ಚಾಚಿ ಕೂತು, ಮೆಣಸಿನಕಾಯಿ ತೊಟ್ಟು ಬಿಡಿಸುತ್ತಾ ಕೇಳಿದಳು. ಕೇಳಿದ್ದೇ ತಡ, ಒಂದು ಸೀನು ಬಂತು. ಸುಗ್ಗಿ ಶುರುವಾಯಿತೆಂದರೆ ನಮ್ಮೂರಲ್ಲಿ ಸೀನದೆ ಮಾತು ಮುಗಿಸುವವರು ಯಾರಿದ್ದಾರೆ ಹೇಳಿ!

ಗಂಗಾ ಹೊಲಿಗೆ ಮಷಿನ್ನಿನ ಸೂಜಿಗೆ ದಾರ ಪೋಣಿಸುತ್ತಾ ತಲೆ ಎತ್ತದೆ ಹೇಳಿದಳು.

“ಬೇಕಂತಲೇ ಕರಸೇನಿ, ಚಿಗವ್ವಾ.”

“ಯಾಕ?”

“ನಾಲ್ಕು ಗಂಟೇಕ್ಕ ಬಾ. ಬರೂಮುಂದ ಓಣಿ ಮಂದೀನೂ ಕರಕೊಂಡ ಬಾ. ಆವಾಗ ಗೊತ್ತಾಕ್ಕತಿ.”

ಫಕ್ಕೀರವ್ವನ ಕೈ ನಿಂತುಬಿಟ್ಟಿತು. ಈ ಹುಡುಗಿ ಒಂದು ವರ್ಷದಿಂದ ನಕ್ಕಿದ್ದನ್ನು ಆಕೆ ನೋಡಿರಲಿಲ್ಲ. ಈಗ ನಗುತ್ತಿದ್ದಾಳೆ... ಆದರೆ ಅದು ಖುಷಿಯ ನಗುವಲ್ಲ!

ಅಷ್ಟರಲ್ಲಿ ಓಣಿಯ ತಿರುವಿನಲ್ಲಿ ಅವನು ಕಾಣಿಸಿಕೊಂಡ. ಹೆಗಲಿಗೆ ಉಳಿ, ಗರಗಸ ತುಂಬಿದ ಅದೇ ಕ್ಯಾನ್ವಾಸ್ ಚೀಲ. ಅದೇ ಉದ್ದ ಹೆಜ್ಜೆ. ಮುಖ ಮಾತ್ರ ಅರ್ಧಕ್ಕರ್ಧ ಇಳಿದಿತ್ತು.

ಗಂಗಾಳ ಎದೆ ಒಮ್ಮೆ ಡವ್ ಎಂದಿತು. ‘ಸಿಟ್ಟಿಗೆ ಹಂಗಾಗ್ತೈತಿ’ ಎಂದು ತನಗೆ ತಾನೇ ಹೇಳಿಕೊಂಡಳು.

ಅವನು ಹೊಸ್ತಿಲ ಹೊರಗೆ ನಿಂತ. ಹನುಮೇಶ. ಎರಡು ಕಣ್ಣು ಎರಡು ಕಣ್ಣನ್ನು ಸಂಧಿಸಿದವು. ಒಂದು ವರ್ಷದ ಮೇಲೆ!

“ಒಳಗ ಬರ್ಲೇನ್ರಿ?”

“ಚಪ್ಪಲಿ ಹೊರಗ ಬಿಡು. ಮಾತೂ ಅಲ್ಲೇ ಬಿಟ್ಟು ಬಾ.”

ಅವನು ಹಾಗೇ ಮಾಡಿದ. ಚಪ್ಪಲಿ ಬಿಟ್ಟು ಒಳಗೆ ಬಂದ.

ಈ ಮನೆಯ ಮೆಟ್ಟಿಲಿನ ಬಗ್ಗೆ ಮೊದಲು ಒಂದಿಷ್ಟು ಹೇಳಿಬಿಡುತ್ತೇನೆ. ಗಂಗಾಳ ತಂದೆ ದಲಾಲಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದವರು. ಅವರು ತೀರಿಕೊಂಡ ಮೇಲೆ ತಾಯಿ-ಮಗಳು ಕೆಳಗೆ ಇದ್ದುಕೊಂಡು, ಮೇಲಿನ ಉದ್ದನೆ ಕೋಣೆಯನ್ನು ಸುಗ್ಗಿಯಲ್ಲಿ ಮೆಣಸಿನಕಾಯಿ ಇಡಲಿಕ್ಕೆ ಕೊಡುತ್ತಿದ್ದರು. ಮೆಣಸಿನಕಾಯಿ ತುಂಬಿದ ಅಂಡಗಿ ಎಂದರೆ ಸಣ್ಣ ಚೀಲವಲ್ಲ. ಹೊತ್ತ ಹಮಾಲನ ತಲೆಯೂ ಕಾಣುವುದಿಲ್ಲ, ಅಷ್ಟು ದಪ್ಪ. ಮೆಟ್ಟಿಲು ನೋಡಿದರೆ ಇಕ್ಕಟ್ಟು. ರೇಲಿಂಗ್ ಇದ್ದರೆ ಅಂಡಗಿ ಮೇಲೆ ಹೋಗುವುದಿಲ್ಲ, ರೇಲಿಂಗ್ ಇಲ್ಲದಿದ್ದರೆ ಮನೆಯವರು ಮೇಲೆ ಹೋಗುವ ಹಾಗಿಲ್ಲ!

ಅದಕ್ಕೇ ನಮ್ಮೂರ ಬಡಿಗರು ಇಂಥ ಮನೆಗಳ ರೇಲಿಂಗಿಗೆ ಮೊಳೆ ಹೊಡೆಯುವುದಿಲ್ಲ. ಮರದ ಮೆಟ್ಟಿಲಿನ ಅಂಚಿಗೆ ತೂತು ಕೊರೆದು, ರೇಲಿಂಗಿನ ಮೂರು ಕಂಬಗಳನ್ನು ಅದರೊಳಗೆ ಇಳಿಸಿ, ಕೆಳಗಿನಿಂದ ಒಂದೊಂದಕ್ಕೆ ಒಂದೊಂದು ಬೆಣೆ ಬಡಿಯುತ್ತಾರೆ. ಮಾಲು ಬಂತೋ, ಬೆಣೆ ತೆಗೆದು ರೇಲಿಂಗನ್ನೇ ಎತ್ತಿ ಗೋಡೆಗೆ ಒರಗಿಸುವುದು. ಮಾಲು ಮೇಲೆ ಹೋಯಿತೋ, ಮತ್ತೆ ಇಳಿಸಿ ಬೆಣೆ ಬಡಿಯುವುದು. ಅಷ್ಟೇ.

ಈ ರೇಲಿಂಗನ್ನು ಮಾಡಿದವನು ಹನುಮೇಶ. ಆಗ ಅವನು ಹಿಂದಿನ ಓಣಿಯಲ್ಲೇ ಇದ್ದ. ದೀಪಾವಳಿ ಮುಂದೆ ಹನ್ನೊಂದು ದಿನ ಇದೇ ಪಡಸಾಲೆಯಲ್ಲಿ ಕೂತು ಕೆಲಸ ಮಾಡಿದ್ದ. ಮೊದಲ ದಿನವೇ ಗಂಗಾಳನ್ನು ಮೆಟ್ಟಿಲ ಮೇಲೆ ನಿಲ್ಲಿಸಿ ಹೇಳಿದ್ದ.

“ಕೈ ಇಲ್ಲೆ ಇಡ್ರಿ.”

“ಯಾಕ್ರಿ?”

“ದಿನಾ ಹತ್ತಿ ಇಳಿಯೋರು ನೀವು. ನಿಮ್ಮ ಮುಷ್ಟಿ ಎಷ್ಟೈತೋ ಅಷ್ಟು ದುಂಡಗ ಕೆತ್ತಬೇಕು.”

ಅವನು ಪೆನ್ಸಿಲಿನಿಂದ ಅವಳ ಕೈಯ ಅಳತೆ ತೆಗೆದುಕೊಂಡಿದ್ದ. ಬೆರಳಿಗೆ ಬೆರಳು ತಾಗಿಸದೆ! ಆ ತಾಗದ ಬೆರಳೇ ಅವಳ ನಿದ್ದೆ ಕೆಡಿಸಿತ್ತು. ಆರನೇ ದಿನಕ್ಕೆ ಚಹಾ ಕಪ್ಪು ಕೈಯಿಂದ ಕೈಗೆ ಹೋಗತೊಡಗಿತು. ಹತ್ತನೇ ದಿನ ‘ರಿ’ ಬಿಟ್ಟುಹೋಯಿತು. ಹನ್ನೊಂದನೇ ದಿನ ಚೀಲ ಹೆಗಲಿಗೇರಿಸಿಕೊಂಡು ಅವನು ಮೆಲ್ಲಗೆ ಅಂದಿದ್ದ...

“ಗಂಗಾ, ಶಿವರಾತ್ರಿ ಮುಗಿದ ಮ್ಯಾಲ ಬರ್ತೇನಿ. ಬರೂಮುಂದ ನಮ್ಮವ್ವನ್ನ ಕರಕೊಂಡ ಬರ್ತೇನಿ.”

ಆದರೆ ಶಿವರಾತ್ರಿ ಬರುವ ಮೊದಲೇ ಆ ದಿನ ಬಂತು.

ಮೇಲಿನ ಮೆಟ್ಟಿಲ ಮೇಲೆ ನಿಂತು “ಗಂಗಾ, ಒಲಿ ಮ್ಯಾಲ ಹಾಲೈತಿ ನೋಡ” ಎಂದು ಕೂಗಿದ ತಾಯಿ ಗುತ್ತೆವ್ವ ರೇಲಿಂಗಿಗೆ ಒರಗಿದಳು. ಮೇಲಿನ ಕಂಬ ತೂತಿನಿಂದ ಕಿತ್ತು ಬಂತು. ರೇಲಿಂಗು ಬಾಗಿಲ ಹಾಗೆ ಹೊರಕ್ಕೆ ತೆರೆದುಕೊಂಡಿತು...

ಗುತ್ತೆವ್ವನ ಟೊಂಕದ ಎಲುಬು ಮುರಿಯಿತು.

ಸುದ್ದಿ ಕೇಳಿ ಹನುಮೇಶ ಮೈಮೇಲಿನ ಮರದ ಪುಡಿಯನ್ನೂ ಒರೆಸಿಕೊಳ್ಳದೆ ಓಡಿ ಬಂದಿದ್ದ. ಹಮಾಲರ ಹಿರಿಯ ಚಮನಸಾಬ “ನಾವು ಮೂರೂ ಬೆಣಿ ಹಾಕೇವ್ರಿ, ಖರೇ ಹೇಳ್ತೇನಿ” ಎಂದು ಎಲ್ಲರೆದುರು ಹೇಳಿಬಿಟ್ಟಿದ್ದ. ಗಂಗಾ ತಾಯಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕಿರುಚಿದ್ದಳು.

“ಇದೇನೋ ನೀ ಮಾಡಿದ ಕೆಲಸ? ನಮ್ಮವ್ವನ್ನ ಕೊಲ್ಲಾಕ ಅಳತಿ ತಗೊಂಡಿದ್ದೇನು?”

ಅವನು ಮೆಟ್ಟಿಲ ಕೆಳಗೆ ಬಗ್ಗಿ ನೋಡಿದ. ಎದ್ದು ಪಡಸಾಲೆಯನ್ನೆಲ್ಲ ಒಮ್ಮೆ ಕಣ್ಣಾಡಿಸಿದ. ಎಲ್ಲೋ ಒಂದು ಕಡೆ ಅವನ ಕಣ್ಣು ಅರೆಗಳಿಗೆ ನಿಂತಿತು. ಆಮೇಲೆ ತಲೆ ತಗ್ಗಿಸಿ, ಇಡೀ ಓಣಿ ಕೇಳುವ ಹಾಗೆ ಅಂದ.

“ತಪ್ಪು ನಂದ ಐತಿ.”

ಅಷ್ಟು ಸಾಕಾಯಿತು ಗಂಗಾಳಿಗೆ!

ಅವಳ ಬಳಿ ಇದ್ದದ್ದು ಒಂದು ಹೊಲಿಗೆ ಮಷಿನ್ನು, ಒಂದು ನಾಲಿಗೆ. ಎರಡನ್ನೂ ಒಟ್ಟಿಗೇ ನಡೆಸಿದಳು. ಜಂಪರಿನ ಅಳತೆ ಕೊಡಲು ಬಂದ ಪ್ರತಿ ಹೆಂಗಸಿಗೂ ಹೇಳಿದಳು, “ಬಾಗಲಾ ಮಾಡಸ್ತೀರೇನ್ರಿ? ಅವನ ಕಡೆ ಮಾತ್ರ ಹೋಗಬ್ಯಾಡ್ರಿ. ನಮ್ಮವ್ವನ್ನ ನೋಡ್ರಿ, ಮಂಚದ ಮ್ಯಾಲ ಅದಾಳ.” ಕಾಗಿನೆಲೆ ಕಡೆಯವರೊಬ್ಬರು ಬಾಗಿಲ ಚೌಕಟ್ಟಿನ ಕೆಲಸ ಕೊಟ್ಟದ್ದನ್ನು ವಾಪಸು ತೆಗೆದುಕೊಂಡರು. ಮೊಮ್ಮಗನಿಗೆ ತೊಟ್ಟಿಲು ಮಾಡಿಸಲು ಹೊರಟಿದ್ದ ಅಜ್ಜಿಯೊಬ್ಬಳು ಅರ್ಧ ದಾರಿಯಿಂದ ತಿರುಗಿ ಬಂದಳು. ಆರು ತಿಂಗಳಿಗೆ ಹನುಮೇಶ ತನ್ನ ತಗಡಿನ ಶೆಡ್ಡಿಗೆ ಕೀಲಿ ಹಾಕಿ, ರಾಣೆಬೆನ್ನೂರಿನ ಶೇಖಪ್ಪನವರ ಕಟ್ಟಿಗೆ ಅಡ್ಡೆಯಲ್ಲಿ ಕೂಲಿಗೆ ಸೇರಿಕೊಂಡ.

ಗಂಗಾ ರೇಲಿಂಗನ್ನು ಮಾತ್ರ ಯಾರಿಗೂ ಮುಟ್ಟಗೊಡಲಿಲ್ಲ. ಹಗ್ಗ ಬಿಗಿದು ಹಾಗೇ ಬಿಟ್ಟಳು. ದಿನಾ ಬೆಳಿಗ್ಗೆ ಕಸ ಹೊಡೆಯುವಾಗ ಅದನ್ನೊಮ್ಮೆ ಹಿಡಿದು ಅಲುಗಿಸುತ್ತಿದ್ದಳು. ಗಡಗಡ ಅನ್ನುತ್ತಿತ್ತು. ಸಿಟ್ಟು ಹೊಸದಾಗುತ್ತಿತ್ತು.

ಹೋದ ವಾರ ಹಲಗೇರಿಯಿಂದ ಬಂದ ಗಿರಾಕಿಯೊಬ್ಬಳು ಸುಮ್ಮನೆ ಹೇಳಿದಳು, “ನಿಮ್ಮೂರ ಹನುಮೇಶನ ನಸೀಬ ತೆರೀತು ನೋಡವಾ. ಹಾವೇರಿಯೊಳಗ ದೊಡ್ಡ ಕಲ್ಯಾಣ ಮಂಟಪ ಕಟ್ಟಾಕತ್ತಾರಲ್ಲ, ಅದರ ಬಾಗಲಾ, ಮೆಟ್ಟಲಾ ಎಲ್ಲಾ ಕೆಲಸಕ್ಕ ಶೇಖಪ್ಪನವರು ಅವನ್ನೇ ಮೇಸ್ತ್ರಿ ಮಾಡ್ತಾರಂತ.”

ಆವತ್ತು ಗಂಗಾ ಊಟ ಮಾಡಲಿಲ್ಲ. ‘ನಮ್ಮವ್ವ ಮಂಚದ ಮ್ಯಾಲ, ಅಂವ ಮಂಟಪದ ಮ್ಯಾಲ!’

ಮರುದಿನ ಕಾಯಿನ್ ಬಾಕ್ಸಿನಿಂದ ಶೇಖಪ್ಪನವರಿಗೆ ಫೋನು ಮಾಡಿದಳು. “ನಿಮ್ಮ ಮೇಸ್ತ್ರಿ ಮಾಡಿದ ಕೆಲಸ ಒಮ್ಮೆ ಕಣ್ಣಾರೆ ನೋಡಿ ಹೋಗ್ರಿ. ಶನಿವಾರ ನಾಲ್ಕು ಗಂಟೇಕ್ಕ.” ಹನುಮೇಶನಿಗೆ ಬೇರೆ ಮಾತು ಹೇಳಿ ಕಳಿಸಿದಳು: ರೇಲಿಂಗ್ ಸರಿ ಮಾಡಿ ಹೋಗು, ಶನಿವಾರ ಬಾ.

ಇವತ್ತೇ ಆ ಶನಿವಾರ.

*

“ಯಾರದು? ಹನುಮೇಶ ಅಲ್ಲ? ಬಾರೋ ಯಪ್ಪಾ! ಎಷ್ಟ ಸೊರಗೀದೆಲ್ಲೋ!”

ಮಂಚದ ಮೇಲಿಂದ ಗುತ್ತೆವ್ವ ಮೊಣಕೈ ಊರಿ ಎದ್ದಳು.

“ಅವ್ವಾ!” ಗಂಗಾ ಗದರಿದಳು.

“ನೀ ಸುಮ್ಕಿರು. ಬಿದ್ದಾಕಿ ನಾನು. ಸಿಟ್ಟ ಮಾಡೋದಿದ್ರ ನಾ ಮಾಡ್ತೇನಿ.” ಆಕೆ ಹನುಮೇಶನ ಕಡೆ ತಿರುಗಿದಳು. “ನಿಮ್ಮವ್ವ ಆರಾಮದಾಳೋ?”

“ಆರಾಮದಾಳ್ರಿ ಅವ್ವಾರ. ನಿಮ್ಮನ್ನ ಭಾಳ ನೆನಸ್ತಾಳ.”

“ಈಗ ಕೋಲು ಹಿಡಕೊಂಡು ಹಿತ್ತಲತನಕಾ ಹೊಕ್ಕೇನಿ ನೋಡು. ಮ್ಯಾಲ ಮಾತ್ರ ಹತ್ತಿಲ್ಲ. ಒಂದು ವರ್ಷ ಆತು ಮಾಳಗಿ ಬಿಸಲು ಕಂಡು.”

ಹನುಮೇಶ ಮೆಟ್ಟಿಲ ಬಳಿ ಹೋಗಿ ಹಗ್ಗ ಬಿಚ್ಚತೊಡಗಿದ.

ಗಂಗಾ ಎದೆಯ ಮೇಲೆ ಕೈ ಕಟ್ಟಿಕೊಂಡು ನಿಂತಳು. ಇವನು ಮಾಡುವುದನ್ನೆಲ್ಲ ನೋಡಬೇಕು. ಒಂದೊಂದನ್ನೂ ನಾಲ್ಕು ಗಂಟೆಗೆ ಹೇಳಬೇಕು.

ಅವನು ಮೆಟ್ಟಿಲ ಕೆಳಗೆ ಕೂತು, ಮರದ ಕೊಡತಿಯಿಂದ ಮೆಲ್ಲಗೆ ಬಡಿದು ಬೆಣೆ ತೆಗೆದ. ಒಂದು. ಎರಡು. ಕರ್ರಗಿನ ಜಾಲಿ ಕಟ್ಟಿಗೆಯ ಬೆಣೆಗಳು. ತಲೆಯ ಮೇಲೆ ಉಳಿಯ ಗೀರು. ಒಂದಕ್ಕೆ ಒಂದು ಗೀರು, ಇನ್ನೊಂದಕ್ಕೆ ಎರಡು ಗೀರು.

“ಮೂರನೇದು ಎಲ್ಲೈತಿ?” ಗಂಗಾಳ ದನಿ ಉಳಿಗಿಂತ ಹರಿತವಾಗಿತ್ತು.

ಅವನು ತೂತಿನೊಳಗಿನ ಧೂಳು ಊದಿದ.

“ಕೇಳಾಕತ್ತೇನಿ! ಮೂರು ಕಂಬಕ್ಕ ಎರಡು ಬೆಣಿ. ಮೂರನೇದು ನೀ ಹಾಕಿದ್ದೋ ಇಲ್ಲೋ?”

“ಹೊಸಾದು ಮಾಡಿ ಹಾಕ್ತೇನ್ರಿ.”

“ಅದು ನನ್ನ ಮಾತಿಗೆ ಉತ್ತರ ಅಲ್ಲ!”

“ಹೌದ್ರಿ. ಅಲ್ಲ.”

ಅಷ್ಟೇ ಹೇಳಿ ಅವನು ಚೀಲದಿಂದ ಜಾಲಿಯ ತುಂಡೊಂದನ್ನು ತೆಗೆದು ಕೆತ್ತತೊಡಗಿದ. ಗಂಗಾಳಿಗೆ ಮೈಯೆಲ್ಲ ಉರಿಯಿತು. ಎರಡೂ ಬೆಣೆಗಳನ್ನು ಕಸಿದುಕೊಂಡು ತನ್ನ ಮಷಿನ್ನಿನ ಮೇಲೆ ಸಾಲಾಗಿ ಇಟ್ಟಳು. ‘ಶೇಖಪ್ಪನವರು ಬರಲಿ. ಎಣಿಸಿ ನೋಡಲಿ!’

ಮಧ್ಯಾಹ್ನ ಅವನು ನೀರು ಕೇಳಿದ. ತಂಬಿಗೆಯನ್ನು ಕೈಗೆ ಕೊಡದೆ ನೆಲದ ಮೇಲೆ ಕುಕ್ಕಿದಳು. ಅವನು ನೀರು ಕುಡಿದು, ತಂಬಿಗೆಯನ್ನು ಅದೇ ಜಾಗದಲ್ಲಿ ಮೆಲ್ಲಗೆ ಇಟ್ಟ.

ರೇಲಿಂಗಿನ ಕೆಲಸ ಮುಗಿಯುತ್ತಾ ಬಂದಾಗ ಅವನು ಚೀಲಕ್ಕೆ ಕಟ್ಟಿ ತಂದಿದ್ದ ಉದ್ದನೆ ಕೋಲೊಂದನ್ನು ಬಿಚ್ಚಿದ. ಸಾಗವಾನಿಯದು, ಅರ್ಧ ಕೆತ್ತಿದ್ದು. ಗುತ್ತೆವ್ವನ ಮಂಚದ ಬಳಿ ಹೋಗಿ ಮಂಡಿಯೂರಿ ಕೂತ.

“ಅವ್ವಾರ, ಕೈ ಇಲ್ಲೆ ಇಡ್ರಿ. ಗೋಡಿ ಕಡೆಗೂ ಒಂದು ಹಿಡಿಕಿ ಹಾಕ್ತೇನಿ. ಎರಡೂ ಕಡೆ ಹಿಡಕೊಂಡ್ರ ನೀವು ಹತ್ತಬಹುದು.”

ಪೆನ್ಸಿಲು ಗುತ್ತೆವ್ವನ ಸುಕ್ಕುಬೆರಳಿನ ಸುತ್ತ ಓಡಾಡಿತು. ಅದೇ ಪೆನ್ಸಿಲು ಹಿಡಿಯುವ ರೀತಿ, ಅದೇ ಎಚ್ಚರ...

ಗಂಗಾ ತಟ್ಟನೆ ಮುಖ ತಿರುಗಿಸಿದಳು. ಕಣ್ಣು ಯಾಕೆ ಉರಿಯುತ್ತಿವೆ? ಮೆಣಸಿನಕಾಯಿ ಘಾಟು ಇರಬೇಕು. ಹೌದು, ಘಾಟೇ!

‘ಇವನ ಮ್ಯಾಲ ಮನಸು ಕರಗಿತಂದ್ರ ನಾ ನಮ್ಮವ್ವನ ಮಗಳೇ ಅಲ್ಲ’ ಎಂದುಕೊಂಡು ಮಷಿನ್ನಿನ ಮುಂದೆ ಕೂತಳು. ಗೋಡೆಯ ಗಡಿಯಾರ ಮೂರೂವರೆ ತೋರಿಸುತ್ತಿತ್ತು. ಒಂದು ಜಂಪರಿನ ತೋಳು ಬಾಕಿ ಇತ್ತು. ಸಿಟ್ಟೆಲ್ಲ ಕಾಲಿಗೆ ಇಳಿದ ಹಾಗೆ ಪೆಡಲು ತುಳಿದಳು. ಟಕಟಕಟಕ!

ಮಷಿನ್ನಿನ ಮೇಲಿದ್ದ ಒಂದು ಬೆಣೆ ಜಾರಿ ಕೆಳಗೆ ಬಿತ್ತು.

ಎತ್ತಿಕೊಳ್ಳಲು ಬಗ್ಗಿದಳು. ಬೆಣೆ ಉರುಳಿ ಮಷಿನ್ನಿನ ಎಡಗಾಲಿನ ಬಳಿ ಹೋಗಿ ನಿಂತಿತ್ತು. ಕೈ ಚಾಚಿದಳು...

ಚಾಚಿದ ಕೈ ಅಲ್ಲೇ ಉಳಿಯಿತು.

ಬಿದ್ದ ಬೆಣೆಯ ಪಕ್ಕದಲ್ಲಿ, ಮಷಿನ್ನಿನ ಕಾಲಿನ ಅಡಿಗೆ, ಅಂಥದ್ದೇ ಇನ್ನೊಂದು ತುಂಡು. ಅದೇ ಕರ್ರಗಿನ ಜಾಲಿ. ಒಂದು ವರ್ಷದ ಧೂಳು ಮೆತ್ತಿಕೊಂಡಿತ್ತು. ಎಳೆದು ತೆಗೆದು ಬೆರಳಿನಿಂದ ಒರೆಸಿದಳು.

ಒಂದು ಗೀರು. ಎರಡು ಗೀರು.

ಮೂರು ಗೀರು.

ನೆನಪಾಯಿತು... ಎಲ್ಲಾ ನೆನಪಾಯಿತು! ಅವ್ವ ಬೀಳುವ ಮೂರು ದಿನ ಮೊದಲು. ಅಂಡಗಿ ಏರಿಸಿ ಹಮಾಲರು ಹೋಗಿದ್ದರು. ಮೆಟ್ಟಿಲ ಕೆಳಗೆ ಕಸ ಹೊಡೆಯುವಾಗ ಒಂದು ಕಟ್ಟಿಗೆ ಚೂರು ಸಿಕ್ಕಿತ್ತು. ಬಡಿಗ್ಯಾ ಬಿಟ್ಟುಹೋದ ಚಕ್ಕೆ ಇರಬೇಕು ಅಂದುಕೊಂಡಿದ್ದಳು. ಮಷಿನ್ನು ತುಳಿದಾಗಲೆಲ್ಲ ಗಡಗಡ ಅನ್ನುತ್ತಿತ್ತು. ಕಾಲಡಿಗೆ ತುರುಕಿದ್ದಳು. ಸರಿಯಾಗಿ ಕೂತಿತ್ತು. ‘ಅಂವ ಬಿಟ್ಟ ಹೋದದ್ದೂ ಕೆಲಸಕ್ಕ ಬರ್ತೈತಿ’ ಎಂದು ತನ್ನಷ್ಟಕ್ಕೆ ನಕ್ಕೂ ಇದ್ದಳು...

ಒಂದು ವರ್ಷ! ಆ ಬೆಣೆಯ ಮೇಲೆ ಕೂತೇ ಒಂದು ವರ್ಷ ಅವನ ಹೆಸರು ಕೆಡಿಸಿದ್ದಳು.

ಗಡಿಯಾರ ನೋಡಿದಳು. ನಾಲ್ಕಕ್ಕೆ ಇಪ್ಪತ್ತು ನಿಮಿಷ.

ಖರೆ ಹೇಳುತ್ತೇನೆ, ಮೊದಲು ಅವಳ ಮನಸ್ಸಿಗೆ ಬಂದದ್ದು ಒಳ್ಳೆಯ ವಿಚಾರವಲ್ಲ. ‘ಯಾರೂ ನೋಡಿಲ್ಲ. ಮತ್ತ ಒಳಗ ತಳ್ಳು. ಇಲ್ಲಾ ಒಲಿಗೆ ಹಾಕು. ಒಂದು ನಿಮಿಷದ ಕೆಲಸ.’ ಬೆಣೆ ಹಿಡಿದ ಕೈ ಸೆರಗಿನ ಒಳಗೆ ಹೋಯಿತು. ಎದ್ದು ಅಡಿಗೆಮನೆಯ ಕಡೆ ಎರಡು ಹೆಜ್ಜೆ ಹಾಕಿಯೂಬಿಟ್ಟಳು.

ಆದರೆ ಮೆಟ್ಟಿಲ ಕೆಳಗೆ ಕೂತವನು ತಲೆ ಎತ್ತಿ ಅವಳನ್ನೇ ನೋಡುತ್ತಿದ್ದ.

ಅವನ ಕಣ್ಣು ಅವಳ ಮುಖದಿಂದ ಸೆರಗಿಗೆ ಹೋಯಿತು. ಸೆರಗಿನಿಂದ ಮಷಿನ್ನಿನ ಕಾಲಿಗೆ ಹೋಯಿತು.

ಅರೆಗಳಿಗೆ ಅಲ್ಲಿ ನಿಂತಿತು.

ಆವತ್ತು ನಿಂತ ಹಾಗೇ!

ಗಂಗಾ ಹೋಗಿ ಅವನೆದುರು ಕೂತಳು. ಬೆಣೆ ಹಿಡಿದ ಕೈಯನ್ನು ಮುಂದೆ ಚಾಚಿದಳು.

“ಇದು... ನಿನಗ ಗೊತ್ತಿತ್ತು?”

“ಅಲ್ಲೇ ಇಡ್ರಿ ಅದನ್ನ. ಮಷಿನ್ ಅಲುಗಾಡತೈತಿ.”

“ಹನುಮೇಶಾ!”

ಒಂದು ವರ್ಷದ ಮೇಲೆ ಆ ಹೆಸರು ಅವಳ ಬಾಯಿಂದ ಬಂದಿತ್ತು. ಅವನು ಉಳಿ ಕೆಳಗಿಟ್ಟ.

“ಗೊತ್ತಿತ್ರಿ. ಆವತ್ತೇ ನೋಡಿದ್ದೆ.”

“ನೋಡಿ? ನೋಡಿ ಯಾಕ ಬಾಯಿ ಮುಚ್ಚಿಕೊಂಡಿ?”

“ಅವ್ವಾರ ತಲಿ ನಿಮ್ಮ ತೊಡಿ ಮ್ಯಾಲಿತ್ತು. ಬದುಕ್ತಾರೋ ಇಲ್ಲೋ ಗೊತ್ತಿರಲಿಲ್ಲ. ಆ ಹೊತ್ತಿನಾಗ ‘ಬೆಣಿ ನಿನ್ನ ಮಷಿನ್ ಕೆಳಗೈತಿ’ ಅಂತ ಹೆಂಗ ಹೇಳ್ಲಿ? ನೀವು ಅಲ್ಲೇ ಮುರದು ಬೀಳ್ತಿದ್ರಿ. ನನ್ನ ಮ್ಯಾಲ ಸಿಟ್ಟಾದ್ರ, ಆ ಸಿಟ್ಟಿನ ಬಲದಾಗರೆ ನಿಂದರ್ತೀರಿ ಅನಸ್ತು.”

“ಆಮ್ಯಾಲ? ಒಂದು ವರ್ಷ ಇತ್ತಲ್ಲ!”

“ಆಮ್ಯಾಲ ನೀವು ನನ್ನ ಮಾತ ಕೇಳೂಹಂಗ ಇದ್ರೇನ್ರಿ?”

ಗಂಗಾಳ ಸಿಟ್ಟು ಇನ್ನೂ ಆರಿರಲಿಲ್ಲ. ಅದು ಈಗ ಬೇರೆ ದಾರಿ ಹಿಡಿದು ನುಗ್ಗಿತು.

“ನೀ ದೊಡ್ಡವಾ ಆಗಿಬಿಟ್ಟಿ! ಎಲ್ಲಾ ನುಂಗಿಕೊಂಡು ದೊಡ್ಡವಾ ಆದಿ! ನಾನು? ನಾ ಎಷ್ಟು ಕೆಟ್ಟಾಕಿ ಆದೆ ನೋಡಿದೇನು? ಒಂದೊಂದು ಮನಿಗೂ ವಿಷಾ ಹಂಚಿದೆ. ನಿನ್ನ ಶೆಡ್ಡಿಗೆ ಕೀಲಿ ಬಿದ್ದ ದಿನ ಗುಡಿಗೆ ಹೋಗಿ ಕಾಯಿ ಒಡಸಿ ಬಂದೆ. ನನ್ನ ಸಿಟ್ಟಿಗೆ ದಿನಾ ಅನ್ನಾ ಹಾಕಿ ಸಾಕಿದಾಂವ ನೀನು! ಹಿಂಗ ಮಾಡು ಅಂತ ನಾ ಕೇಳಿದ್ನೇನು ನಿನಗ?”

ಅವನು ತಗ್ಗಿದ ದನಿಯಲ್ಲಿ ಹೇಳಿದ.

“ಅದು ನನ್ನ ತಪ್ಪು. ಖರೇನ ತಪ್ಪು. ಇನ್ನೊಂದೂ ಐತಿ. ಬೆಣಿ ವಿಷಯ ಹಮಾಲರಿಗೆ ಹೇಳಿದ್ದೆ, ಮನ್ಯಾಗಿನ ಹೆಣಮಕ್ಕಳಿಗೆ ಹೇಳಿರಲಿಲ್ಲ. ಕಸಾ ಹೊಡಿಯೋರು ನೀವು, ಅದು ಸಿಗೋದು ನಿಮಗ. ಹನ್ನೊಂದು ದಿನ ಮಾತಾಡಿದೆ... ಮಾತಾಡಬೇಕಾದ್ದು ಬಿಟ್ಟು ಎಲ್ಲಾ ಮಾತಾಡಿದೆ.” ಅವನು ಕಂಬಗಳ ಬುಡ ತೋರಿಸಿದ. ಒಂದೊಂದಕ್ಕೂ ಬೆರಳುದ್ದದ ಒಂದು ಸಣ್ಣ ಸರಪಳಿ ಜೋತಾಡುತ್ತಿತ್ತು. “ಈಗ ಬೆಣಿಗೆ ಸರಪಳಿ ಹಾಕೇನಿ. ಜಾರಿ ಬಿದ್ರೂ ಎಲ್ಲೂ ಹೋಗಂಗಿಲ್ಲ. ಇದನ್ನ ಆವತ್ತೇ ಮಾಡಬೇಕಿತ್ತು.”

ಗಂಗಾಳ ಕಣ್ಣಿಂದ ನೀರು ಧಾರೆಯಾಗಿ ಇಳಿಯಿತು.

“ನಾಲ್ಕು ಗಂಟೇಕ್ಕ...” ಎಂದು ತೊದಲಿದಳು.

“ಗೊತ್ತೈತ್ರಿ. ಮಾಲಕರು ಹೇಳಿದ್ರು, ಫೋನ್ ಬಂದಿತ್ತು ಅಂತ.”

“ಗೊತ್ತಿದ್ದೂ ಬಂದ್ಯಾ? ಎಲ್ಲಾರ ಮುಂದ ನಿನ್ನ ಮರ್ಯಾದಿ ತಗೀತೇನಿ ಅಂತ ಗೊತ್ತಿದ್ದೂ?”

“ಅವ್ವಾರು ಮಾಳಗಿ ಹತ್ತಬೇಕಿತ್ತಲ್ಲ. ಒಂದು ವರ್ಷ ಇದನ್ನ ಯಾರಿಗೂ ಮುಟ್ಟಗೊಡಲಿಲ್ಲ ನೀವು. ನೀವಾಗೇ ಕರದ್ರಿ. ಬರದ ಹೆಂಗಿರ್ಲಿ?” ಅವನು ಉಳಿಯನ್ನು ಚೀಲಕ್ಕೆ ಹಾಕಿದ. “ನೀವು ಅಂದುಕೊಂಡಿದ್ದೇ ಹೇಳ್ರಿ. ಆ ಬೆಣಿ ನನಗ ಕೊಡ್ರಿ, ಯಾರಿಗೂ ಗೊತ್ತಾಗೂದಿಲ್ಲ.”

ಅವನು ಕೈ ಚಾಚಿದ.

ಅವಳು ಕೊಡಲಿಲ್ಲ. ಎದ್ದು ಹೋಗಿ, ಉಳಿದೆರಡು ಬೆಣೆಗಳನ್ನೂ ಎತ್ತಿ ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು ನಿಂತಳು.

ಹೊರಗೆ ಜೀಪು ನಿಂತ ಸದ್ದಾಯಿತು.

*

ಶೇಖಪ್ಪನವರು ಬಾಗಿಲಲ್ಲಿ ತುಸು ಅಡ್ಡ ತಿರುಗಿಯೇ ಒಳಗೆ ಬರಬೇಕಾಯಿತು, ಅಂಥ ಆಳು. ಹಿಂದೆ ಫಕ್ಕೀರವ್ವ, ಅವಳ ಹಿಂದೆ ಓಣಿಯ ಎಂಟು ಹತ್ತು ಹೆಂಗಸರು. ಕೊನೆಯಲ್ಲಿ, ಸಾಕ್ಷಿಗೆಂದು ಗಂಗಾ ಕರೆಸಿದ್ದ ಹಮಾಲ ಚಮನಸಾಬ, ತಲೆಗೆ ವಸ್ತ್ರ ಸುತ್ತಿಕೊಂಡು.

“ಹೇಳವಾ,” ಶೇಖಪ್ಪನವರು ಬೆವರು ಒರೆಸಿಕೊಂಡರು. “ಏನೋ ತೋರಿಸ್ತೇನಿ ಅಂದಿದ್ದಿ.”

“ಹೇಳ ಗಂಗಾ, ಎಲ್ಲಾರೂ ಬಂದೇವಿ,” ಫಕ್ಕೀರವ್ವ ಅವಸರ ಮಾಡಿದಳು. “ನನ್ನ ಒಲಿ ಮ್ಯಾಲ ಬ್ಯಾಳಿ ಐತಿ.”

ಗಂಗಾ ಬಲಗೈ ಬಿಚ್ಚಿದಳು. ಅಂಗೈಯಲ್ಲಿ ಮೂರು ಬೆಣೆ.

“ಈ ಮೂರೂ ಇಂವ ಮಾಡಿದ್ದು. ಮೂರೂ ಗಟ್ಟಿ ಅದಾವ. ಇದು ಮೂರನೇದು, ಮ್ಯಾಲಿನ ಕಂಬದ್ದು. ನಮ್ಮವ್ವ ಬಿದ್ದ ದಿನ ಇದು ಕಂಬದ ಕೆಳಗಿರಲಿಲ್ಲ. ಎಲ್ಲಿತ್ತು ಗೊತ್ತೈತೇನು?”

ಹನುಮೇಶ “ಬ್ಯಾಡ...” ಎಂದ, ಅವಳಿಗೆ ಮಾತ್ರ ಕೇಳುವಷ್ಟು.

“ನನ್ನ ಮಷಿನ್ ಕಾಲಿನ ಕೆಳಗಿತ್ತು. ಕಸಾ ಹೊಡೀಮುಂದ ಸಿಕ್ಕಿತ್ತು, ನಾನೇ ಇಟ್ಟಿದ್ದೆ. ನಮ್ಮವ್ವನ್ನ ಬೀಳಿಸಿದ್ದು ಇಂವ ಅಲ್ಲ. ನಾನು.” ಅವಳ ದನಿ ಒಡೆಯಿತು, ಆದರೆ ನಿಲ್ಲಲಿಲ್ಲ. “ಇಂವಗ ಗೊತ್ತಿತ್ತು. ನನ್ನ ಸಲುವಾಗಿ ಸುಮ್ಮನಿದ್ದ. ನಾ ನಿಮ್ಮ ಮುಂದೆಲ್ಲಾ ಇವನ ಬಗ್ಗೆ ಏನೇನ್ ಹೇಳೇನಿ, ಅಷ್ಟೂ ಸುಳ್ಳು. ಒಬ್ಬೊಬ್ಬರ ಮನಿಗೂ ಬಂದು ಮತ್ತ ಹೇಳ್ತೇನಿ.”

ಫಕ್ಕೀರವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಬೇಳೆಯ ವಿಷಯ ಮರೆತೇಹೋಗಿತ್ತು.

ಹಿಂದಿನಿಂದ ಚಮನಸಾಬ ಮುಂದೆ ಬಂದ. ಕೈ ಮುಗಿದ.

“ತಂಗೆವ್ವಾ, ನನ್ನದೂ ಒಂದ ಮಾತು. ಆವತ್ತು ಕೊಡತಿ ಸಿಗಲಿಲ್ಲ. ಮ್ಯಾಲಿನ ಬೆಣಿ ಕೈಲೆ ಒತ್ತಿ ಹೋಗಿದ್ದೆ. ಅದಕ್ಕೇ ಜಾರಿ ಬಿದ್ದೈತಿ. ಹಾಕೇವಿ ಅಂದಿದ್ದು ಖರೇ, ಬಡದೇವಿ ಅಂತ ಅಂದಿರಲಿಲ್ಲ. ಹೇಳಾಕ ಅಂಜಿದೆ. ಒಂದು ವರ್ಷಾತು, ಈ ಓಣಿಯೊಳಗ ಹಾದು ಹೋಗೂದು ಬಿಟ್ಟಿದ್ದೆ.”

ಮಂಚದ ಮೇಲಿಂದ ಗುತ್ತೆವ್ವನ ದನಿ ಬಂತು.

“ಎಲ್ಲಾರೂ ಒಂದೊಂದು ತಪ್ಪು ತಗೊಂಡ್ರಿ. ನನಗೂ ಒಂದು ಉಳಸ್ರಪಾ. ಒಲಿ ಮ್ಯಾಲ ಹಾಲಿಟ್ಟು ಮಾಳಗಿ ಹತ್ತಿದಾಕಿ ನಾನು.”

ಮೊದಲು ನಕ್ಕಿದ್ದು ಶೇಖಪ್ಪನವರು. ಆಮೇಲೆ ನಗೆಯೋ ಅಳುವೋ ತಿಳಿಯದ ಸದ್ದು ಪಡಸಾಲೆಯಲ್ಲೆಲ್ಲ ಹರಡಿತು.

“ಅದೆಲ್ಲಾ ಸರಿ,” ಅಂದರು ಶೇಖಪ್ಪನವರು. “ನಾ ಬಂದದ್ದು ಕೆಲಸ ನೋಡಾಕ. ಸರೀರಿ ಸ್ವಲ್ಪ.” ಗಂಗಾಳ ಅಂಗೈಯಿಂದ ಬೆಣೆಗಳನ್ನು ತೆಗೆದು ಹನುಮೇಶನಿಗೆ ಕೊಟ್ಟರು. ಅವನು ಮೂರನ್ನೂ ಅವುಗಳ ಸರಪಳಿಗೆ ಸಿಕ್ಕಿಸಿ, ಕೊಡತಿಯಿಂದ ಬಡಿದ. ಠಕ್. ಠಕ್. ಠಕ್.

ಶೇಖಪ್ಪನವರು ಮೇಲಿನ ಮೆಟ್ಟಿಲು ಹತ್ತಿ, ಎರಡೂ ಕೈ ರೇಲಿಂಗಿನ ಮೇಲಿಟ್ಟು, ತಮ್ಮ ಇಡೀ ಮೈಭಾರವನ್ನು ಅದರ ಮೇಲೆ ಬಿಟ್ಟರು. ಫಕ್ಕೀರವ್ವ “ಅಯ್ಯಯ್ಯ!” ಎಂದು ಕಣ್ಣು ಮುಚ್ಚಿಕೊಂಡಳು.

ಏನೂ ಆಗಲಿಲ್ಲ.

“ನನ್ನ ತೂಕಾ ತಡೀತು. ಇನ್ನ ಹಾವೇರಿ ಮಂಟಪದ ಬೀಗರ ತೂಕಾ ತಡಿಯೂದಿಲ್ಲೇನು?” ಕೆಳಗಿಳಿದು ಹನುಮೇಶನ ಬೆನ್ನು ತಟ್ಟಿದರು. “ಸೋಮವಾರ ಬಾರೋ ಮೇಸ್ತ್ರಿ. ಇವತ್ತು ಬಸ್ಸಿಗೆ ಬಾ, ನನ್ನ ಜೀಪಿನಾಗ ನಿನಗ ಜಾಗಾ ಇಲ್ಲ.” ಗಂಗಾಳ ಕಡೆ ಒಮ್ಮೆ ನೋಡಿ, ಮೀಸೆಯೊಳಗೆ ನಕ್ಕು ಹೊರಟುಹೋದರು.

ಮಂದಿ ಒಬ್ಬೊಬ್ಬರಾಗಿ ಕರಗಿದರು.

ಮೆಟ್ಟಿಲ ಬಳಿ ಇಬ್ಬರೇ ಉಳಿದರು. ಅವನು ಗೋಡೆಗೆ ಹಿಡಿಕೆ ಕೂಡಿಸಿ ಮುಗಿಸಿ ಚೀಲ ಕಟ್ಟುತ್ತಿದ್ದ. ಬೆಳಿಗ್ಗೆಯಿಂದ ಕೆತ್ತಿದ ಹೊಸ ಬೆಣೆ ಕೈಯಲ್ಲೇ ಉಳಿದಿತ್ತು. ಅದರ ತಲೆಯ ಮೇಲೆ ನಾಲ್ಕು ಗೀರು. ಹೋಗಿ ಮಷಿನ್ನಿನ ಕಾಲಡಿಗೆ ಅದನ್ನು ಮೆಲ್ಲಗೆ ಸೇರಿಸಿದ.

“ಇದು ನಿನಗಂತನೇ ಇರ್ಲಿ,” ಎಂದ. ‘ರಿ’ ಹೋಗಿತ್ತು.

ಗಂಗಾ ತಂಬಿಗೆಯಲ್ಲಿ ನೀರು ತಂದು ಕೈಗೇ ಕೊಟ್ಟಳು. ಅವಳ ಬೆರಳು ಅವನ ಬೆರಳಿಗೆ ತಾಗಿತು. ಈ ಸಲ ಇಬ್ಬರೂ ಸರಿಸಲಿಲ್ಲ.

“ನಿನ್ನ ಮ್ಯಾಲ ಸೇಡು ತೀರಿಸ್ಕೋಬೇಕಂತ ಒಂದು ವರ್ಷ ಬದುಕಿದೆ,” ಎಂದಳು. “ಈಗ ನಿನ್ನ ಪಾಳೆ. ನನಗೇನು ಶಿಕ್ಷಾ ಕೊಡ್ತಿ?”

“ಭಾಳ ದೊಡ್ಡದು ಕೊಡ್ತೇನಿ.”

“ಕೊಡು.”

“ಜಂಪರ ಹೊಲಿಸಾಕ ಬಂದ ಒಬ್ಬೊಬ್ಬಾಕಿಗೂ ಹೇಳಬೇಕು. ಬಾಗಲಾ ಮಾಡಸ್ತೀರೇನ್ರಿ, ಹನುಮೇಶನ ಕಡೆ ಹೋಗ್ರಿ ಅಂತ.”

“ಹೇಳ್ತೇನಿ. ಯಾರು ಅಂವ ಅಂತ ಕೇಳಿದ್ರ?”

ಅವನು ನೀರು ಕುಡಿಯದೆ ತಂಬಿಗೆ ಹಿಡಿದೇ ನಿಂತ. ಒಂದು ವರ್ಷದ ದಣಿವು ಅವನ ಮುಖದಿಂದ ಇಳಿಯುತ್ತಿತ್ತು.

“ನೀನೇ ಹೇಳು. ಏನಂತ ಹೇಳ್ತಿ?”

“ನನ್ನ ಗಂಡ ಅಂತ ಹೇಳ್ತೇನಿ,” ಅಂದಳು ಗಂಗಾ. ಅಂದವಳೇ ಮುಖವನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಸೆರಗಿನೊಳಗಿಂದ ಮತ್ತೆ ಅವಳ ದನಿ ಬಂತು, ಸಣ್ಣದಾಗಿ. “ಈ ಸಲ ಶಿವರಾತ್ರಿ ಮುಗಿಯೂತನಕಾ ಕಾಯಬ್ಯಾಡ. ನಾಳೇನ ನಿಮ್ಮವ್ವನ್ನ ಕರಕೊಂಡ ಬಾ.”

“ಬರ್ತೇನಿ, ಗಂಗಾ.”

ಅಷ್ಟರಲ್ಲಿ ಹಿಂದಿನಿಂದ ಬಳೆ ಸದ್ದು. ಇಬ್ಬರೂ ತಿರುಗಿ ನೋಡಿದರು.

ಗುತ್ತೆವ್ವ ಕೋಲನ್ನು ಮಂಚಕ್ಕೆ ಒರಗಿಸಿ ಎದ್ದು ಬಂದಿದ್ದಳು. ಒಂದು ಕೈ ಗೋಡೆಯ ಹೊಸ ಹಿಡಿಕೆಯ ಮೇಲೆ, ಇನ್ನೊಂದು ಕೈ ರೇಲಿಂಗಿನ ಮೇಲೆ. ಇವರ ಕಡೆ ನೋಡಲೇ ಇಲ್ಲ. ಮೊದಲ ಮೆಟ್ಟಿಲು ಹತ್ತಿದಳು. ನಿಂತು ಉಸಿರು ಬಿಟ್ಟಳು. ಎರಡನೆಯದಕ್ಕೆ ಕಾಲಿಟ್ಟಳು.

ರೇಲಿಂಗು ಅಲುಗಲಿಲ್ಲ.